ಮಾರುವವನ ಮೌನ

ಕ್ರಯವಿಕ್ರಯಗಳಿಲ್ಲದೆ ಲೋಕಯಾತ್ರೆಯು ನಡೆಯಲಾರದು. ಮಾರುವವನು ಸುಳ್ಳಾಡಬಾರದೆಂಬುದು ಸರ್ವರಿಗೂ ಸಮ್ಮತವಾದ ಮಾತು. ಆದರೆ ಕೊಳ್ಳುವವನು ಕೇಳದೆ ಇದ್ದ ದೋಷವನ್ನು ಮಾರುವವನು ತಾನಾಗಿ ಹೇಳಬೇಕೆ? ಇದು ಅಷ್ಟು ಸುಲಭವಾಗಿ ತೀರತಕ್ಕ ಪ್ರಶ್ನೆಯಲ್ಲ.

ಹಿಂದೆ ಅಡ್ಡಗದ್ದೆಯ ಸೀಮೆಯಲ್ಲಿ ಎತ್ತನ್ನು ಕೊಳ್ಳುವವನು ಹಲ್ಲು ನೋಡಿ, ಸುಳಿ ನೋಡಿ, ನೊಗಕ್ಕೆ ಕಟ್ಟಿ ನಡೆಯಿಸಿ, ಆಮೇಲೆ ಹಣವನ್ನು ಕೊಡುತ್ತಿದ್ದನು. ಕಣ್ಣಿದ್ದವನಿಗೆ ಪರೀಕ್ಷೆಯು ಸಾಧ್ಯವಾಗಿತ್ತು. ಈಗ ಮಲೆನಾಡಿನ ಮನೆಗಳಿಗೆ ಮೋಟಾರು ಗಾಡಿಯು ಅವಶ್ಯಕವಾಗಿದೆ. ಹೊಸದಾಗಿದ್ದಾಗ ಕೈಗೆಟುಕದ ವೈಭವದ ಗಾಡಿಯು ಹತ್ತು ವರ್ಷ ಓಡಿದ ಮೇಲೆ ಅಡಿಕೆ ಬೆಳೆಯುವ ಗೃಹಸ್ಥನಿಗೂ ಎಟುಕುತ್ತದೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ.

ಅಂತಹ ಗಾಡಿಗಳಲ್ಲಿ ಹೈಬ್ರಿಡ್ ಎಂಬ ಜಾತಿಯೊಂದುಂಟು. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಇವುಗಳಲ್ಲಿ ಪ್ರಸಿದ್ಧವಾದುದು. 2010ರಲ್ಲಿ ಅದು ಭಾರತಕ್ಕೂ ಬಂದಿತು. ಅದೇ ಯಂತ್ರಕ್ರಮವುಳ್ಳ ಲೆಕ್ಸಸ್ ಸಿಟಿ 200ಎಚ್ ಎಂಬ ವೈಭವದ ಹ್ಯಾಚ್‌ಬ್ಯಾಕ್ ಗಾಡಿಯು 2011ರಿಂದ ವಿದೇಶಗಳಲ್ಲಿ ಮಾರಾಟವಾಯಿತು. 2022ರಲ್ಲಿ ಅದರ ತಯಾರಿಕೆಯು ನಿಂತುದರಿಂದ ಇನ್ನು ಅದನ್ನು ಬಯಸುವವರಿಗೆ ಬಳಸಿದ ಗಾಡಿಯೇ ಗತಿ. ಇವುಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಜತೆಗೆ ವಿದ್ಯುತ್ತಿನ ಮೋಟಾರೂ ಇರುವುದು. ವೇಗವನ್ನು ತಗ್ಗಿಸುವಾಗ ಆ ಮೋಟಾರೇ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಯಲ್ಲಿ ಸೇರಿಸುತ್ತದೆ. ವ್ಯರ್ಥವಾಗಿ ಹೋಗತಕ್ಕ ಶಕ್ತಿಯು ಹೀಗೆ ಉಳಿಯುವುದು. ಆದರೆ ಸುಮಾರು 200 ವೋಲ್ಟುಗಳ ಆ ಬ್ಯಾಟರಿಯು ಗಾಡಿಯ ಹಿಂಭಾಗದಲ್ಲಿ ಮರೆಯಾಗಿರುತ್ತದೆ. ಹಿಂದಿನ ಆಸನದ ಬಳಿಯ ಗಾಳಿಕಂಡಿಯು ಧೂಳಿನಿಂದ ಮುಚ್ಚಿದರೆ ಅದು ಕಾದು ಬೇಗ ಮುಪ್ಪಾಗುವುದು. ಹೊರಗಿನ ಬಣ್ಣವು ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಒಳಗಿನ ಬ್ಯಾಟರಿಯು ಸೋತಿರಬಹುದು. ಅದನ್ನು ಬದಲಾಯಿಸುವ ವೆಚ್ಚವಾದರೋ ಹಳೆಯ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲನ್ನು ನುಂಗುವಂತಹುದು.

ಒಬ್ಬನ ಗಾಡಿಯಲ್ಲಿ ಎಚ್ಚರಿಕೆಯ ದೀಪವು ಹೊತ್ತಿತೆಂದೂ, ಮೇಸ್ತ್ರಿಯು ಅದನ್ನು ತಾತ್ಕಾಲಿಕವಾಗಿ ಆರಿಸಿದನೆಂದೂ ಭಾವಿಸೋಣ. ಕೊಳ್ಳಲು ಬಂದವನು ಗಾಡಿಯನ್ನು ಓಡಿಸಿ ನೋಡಿ ಸಂತೋಷಪಟ್ಟನು. ದೀಪದ ಮಾತನ್ನು ಕೇಳಲಿಲ್ಲ. ಮಾರುವವನು ಸುಮ್ಮನಿದ್ದನು. ಇದು ವಂಚನೆಯೆ?

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಇದಕ್ಕೆ ಹೋಲುವ ದೃಷ್ಟಾಂತವಿದೆ. ಒಬ್ಬನು ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷವನ್ನು ಬಲ್ಲನು, ಹೇಳುವುದಿಲ್ಲ, ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ, ಹೇಳುವುದು ಅವನ ಕರ್ತವ್ಯವಾಗುತ್ತದೆ. ಕುದುರೆಯ ರೋಗವು ಎರಡು ಕಡೆಯಲ್ಲಿಯೂ ಒಂದೇ. ಬದಲಾದುದು ನಂಬಿಕೆಯ ಸಂಬಂಧವು ಮಾತ್ರ.

ನಮ್ಮ ಧರ್ಮಶಾಸ್ತ್ರಕಾರರು ಬೇರೊಂದು ದಾರಿಯನ್ನು ಹಿಡಿದರು. ಯಾಜ್ಞವಲ್ಕ್ಯಸ್ಮೃತಿಯು ಕೊಂಡ ವಸ್ತುವಿನ ಪರೀಕ್ಷೆಗೆ ಕಾಲವನ್ನು ಗೊತ್ತುಮಾಡಿದೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಹೊರೆ ಹೊರುವ ಪಶುವಿಗೆ 5, ರತ್ನಕ್ಕೆ 7, ಕರೆಯುವ ಹಸುವಿಗೆ 3. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯರ ಕಲ್ಯಾಣದಲ್ಲಿದ್ದವನು, ಅಂದರೆ ಕನ್ನಡನಾಡಿನವನೇ. ದೋಷವು ಹೊರಬೀಳಲು ಒಂದೊಂದು ವಸ್ತುವಿಗೆ ಒಂದೊಂದು ಕಾಲವು ಬೇಕೆಂಬುದು ಈ ವಿಧಿಯ ತಾತ್ಪರ್ಯವೆಂದು ತಿಳಿಯಬಹುದು. ಬ್ಯಾಟರಿಯ ಮುಪ್ಪಾದರೋ ಐದು ದಿನಗಳಲ್ಲಿಯೂ ಹೊರಬೀಳದೆ ಇರಬಹುದು. ಕಾಲವೂ ಕಣ್ಣೂ ಕೊಳ್ಳುವವನಿಗೆ ಒದಗದ ಕಡೆಯಲ್ಲಿ ಮಾರುವವನ ಮಾತೊಂದೇ ಪರೀಕ್ಷೆಯ ಸ್ಥಾನದಲ್ಲಿ ನಿಲ್ಲತಕ್ಕುದು. ಆಗ ಕೊಳ್ಳುವವನು ಅಪರಿಚಿತನಾಗಿದ್ದರೂ ಕಾಯಿದೆಯು ಹೇಳಿದ ಆ ಮಗಳ ಸ್ಥಿತಿಯಲ್ಲಿಯೇ ಇರುತ್ತಾನೆ.

“ಹಳೆಯದೆಂದೇ ಬೆಲೆ ಕಡಿಮೆ, ಅಪಾಯವು ಆ ಬೆಲೆಯೊಳಗೇ ಸೇರಿದೆ” ಎಂದು ಕೆಲವರು ಆಕ್ಷೇಪಿಸಬಹುದು. ಇಬ್ಬರಿಗೂ ತಿಳಿಯದ ಅಪಾಯಕ್ಕೆ ಈ ಮಾತು ಒಪ್ಪುವುದು. ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದ ದೋಷಕ್ಕೆ ಒಪ್ಪದು. ಸತ್ಯವನ್ನು ಹೇಳಿದರೆ ಬೆಲೆಯು ಇಳಿಯುವುದು ನಿಜ. ಮನೆಯಲ್ಲಿ ಚಿಕಿತ್ಸೆಗೋ ಮಕ್ಕಳ ವಿದ್ಯೆಗೋ ಹಣವು ಬೇಕಾಗಿರುವವನಿಗೆ ಆ ನಷ್ಟವು ಅಲ್ಪವಲ್ಲ. ಆದರೆ ಮೌನದಿಂದ ಆ ನಷ್ಟವು ಇಲ್ಲವಾಗುವುದಿಲ್ಲ. ಅಂತಹದೇ ಕಷ್ಟದಲ್ಲಿರಬಹುದಾದ ಮತ್ತೊಂದು ಮನೆಗೆ ಹೋಗಿ ಸೇರುವುದು.

ಕೊಳ್ಳುವವನಿಗೂ ಧರ್ಮವುಂಟು. ಬಲ್ಲವರಿಂದ ಪರೀಕ್ಷೆ ಮಾಡಿಸದೆ ಕೊಂಡು ಆಮೇಲೆ ಹಲುಬುವುದೂ, ಇಲ್ಲದ ದೋಷವನ್ನು ಕಲ್ಪಿಸಿ ಬೆಲೆಯನ್ನು ಮುರಿಯುವುದೂ ಸಜ್ಜನರ ಮಾರ್ಗವಲ್ಲ. ಇಂದು ಕೊಂಡವನು ನಾಳೆ ಮಾರುವವನಾಗುತ್ತಾನೆ. ಆದುದರಿಂದ ಗಾಡಿಗೆ ಮಾಡಿಸಿದ ರಿಪೇರಿಗಳನ್ನೆಲ್ಲ ಬರೆದಿಟ್ಟು, ಬೀಗದಕೈಯೊಡನೆ ಆ ಪುಸ್ತಕವನ್ನೂ ಮುಂದಿನವನಿಗೆ ಒಪ್ಪಿಸುವುದು ಒಡೆತನದ ಒಂದು ಅಂಗವೆಂದೇ ತಿಳಿಯತಕ್ಕುದು.

“ಕೇಳಿದ್ದರೆ ಹೇಳುತ್ತಿದ್ದೆನು” ಎಂಬ ಸಮಾಧಾನವು ನ್ಯಾಯಾಲಯದಲ್ಲಿ ನಿಂತರೂ ನಿಂತೀತು. ತನ್ನ ಮಗಳಿಗೆ ಕೇಳದೆಯೇ ಹೇಳುತ್ತಿದ್ದುದನ್ನು ಪರರ ಮಗಳಿಗೆ ಹೇಳದೆ ಬಿಟ್ಟವನ ಅಂತಃಕರಣದಲ್ಲಿ ಅದು ನಿಲ್ಲಲಾರದು.