ಹುಲಿಗೆ ಕೊಟ್ಟ ಮಾತು

ಗೋವಿನ ಹಾಡನ್ನು ಕೇಳುವಾಗ ಗಂಟಲು ಕಟ್ಟದ ಕನ್ನಡಿಗರು ಇರಬಹುದು, ನಾನಂತೂ ಕಂಡಿಲ್ಲ. ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕದ ಹೊರತು ಇನ್ನಾವುದಕ್ಕೂ ಬಗ್ಗದ ಹಿರಿಯರೊಬ್ಬರಿದ್ದರು, ನಮ್ಮ ಕಡೆಯವರೇ. ಒಂದು ಗಣೇಶೋತ್ಸವದಲ್ಲಿ ಪುಟ್ಟ ಹುಡುಗಿಯೊಬ್ಬಳು ಈ ಹಾಡನ್ನು ಹೇಳುತ್ತಿದ್ದಾಗ ಅವರು ಕರವಸ್ತ್ರ ತೆಗೆದು ಕನ್ನಡಕ ಒರೆಸತೊಡಗಿದರು. ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ, ಮಗುವಿಗೆ ಜ್ವರವೆಂದು ಹತ್ತು ನಿಮಿಷ ತಡವಾಗಿ ಬಂದ ಗುಮಾಸ್ತನ ಹೆಸರಿನ ಮುಂದೆ ಎಂದಿನಂತೆ ಕೆಂಪು ಗೆರೆ ಎಳೆದರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಾಡು ಕೇಳಿ ಬರುವ ಅಳುವಿನಿಂದ ಅತ್ತವನಿಗೆ ಏನಾದರೂ ಹೊಣೆ ಅಂಟುತ್ತದೆಯೇ? ಅಥವಾ ಅತ್ತದ್ದೇ ಸಾಕೆ?

ಅವರನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಬಂದದ್ದು 1968ರಲ್ಲಿ. ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಕೂಡಿ 1977ರಲ್ಲಿ ಅದನ್ನು ಚಿತ್ರವಾಗಿಸಿದರು. ಹಿಂದಿಯಲ್ಲಿ ಅದಕ್ಕೆ ‘ಗೋಧೂಳಿ’ ಎಂದು ಹೆಸರು. ಕಾದಂಬರಿಯ ಹೆಸರೇ ಗೋವಿನ ಹಾಡಿನ ಮಾತು. ಕಥಾನಾಯಕ ಕಾಳಿಂಗನ ಹೆಸರು ಹಾಡಿನ ಗೊಲ್ಲನದು. ಆ ಮನೆಯ ಹಸು ಪುಣ್ಯಕೋಟಿ. ಅಮೆರಿಕದಲ್ಲಿ ಓದಿ, ಅಲ್ಲಿಯ ಹೆಣ್ಣನ್ನು ಮದುವೆಯಾಗಿ ಊರಿಗೆ ಮರಳಿದ ಕಾಳಿಂಗನಿಗೆ ದನವೆಂದರೆ ಆದಾಯ-ಖರ್ಚಿನ ಲೆಕ್ಕ. ಮಾತು ಬಾರದ ಅವನ ತಾಯಿಗೆ ಅದು ಮನೆಯ ಜೀವ. ಆ ಮನೆಯಲ್ಲೇ ಪುಣ್ಯಕೋಟಿ ಮಾಂಸಕ್ಕಾಗಿ ಸಾಯುತ್ತದೆ. ಕಥೆ ಓದಿದವರಿಗೆ ಇಷ್ಟು ನೆನಪಿಸಿದರೆ ಸಾಕು.

ಆ ಚಿತ್ರವನ್ನು ನಾನು ನೋಡಿದ್ದು ಬಿಡುಗಡೆಯ ಮರುವರ್ಷ, ಮಾಟುಂಗದಲ್ಲಿ ಒಂದು ಭಾನುವಾರದ ಬೆಳಗಿನ ಆಟದಲ್ಲಿ. ಸುತ್ತ ಕುಳಿತವರೆಲ್ಲ ನಮ್ಮವರೇ: ಹೋಟೆಲಿನ ಹುಡುಗರು, ಬ್ಯಾಂಕಿನವರು, ಮಿಲ್ಲಿನವರು, ತಲೆಗೆ ಅಬ್ಬಲಿಗೆ ಮುಡಿದು ಬಂದ ಹೆಂಗಸರು. ಹಾಡಿನ ರಾಗ ಎದ್ದಾಗ ಆ ಕತ್ತಲೆಯಲ್ಲಿ ಮೂಗೊರೆಸುವ ಸದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಿಯಿತು. ನಾನೂ ಅತ್ತೆ. ಎಷ್ಟು ಅತ್ತೆನೆಂದರೆ ಪಕ್ಕದಲ್ಲಿದ್ದ ನನ್ನ ಹೆಂಡತಿ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. ಹೊರಗೆ ಬಂದು ಮಸಾಲೆದೋಸೆ ತಿಂದೆವು.

ಆ ದೋಸೆ ಅಂದು ಬಹಳ ರುಚಿಯಾಗಿತ್ತು. ಅತ್ತ ಮೇಲೆ ಎದೆ ಹಗುರಾಗುತ್ತದೆ, ಹಸಿವೂ ಆಗುತ್ತದೆ. ದುಃಖದ ಕಾವ್ಯದಿಂದ ಸುಖವೇಕೆ ಎಂಬ ಪ್ರಶ್ನೆಗೆ ನಮ್ಮ ಆಲಂಕಾರಿಕರು ತಲೆ ಕೆಡಿಸಿಕೊಂಡಿದ್ದಾರೆ. ಕಾವ್ಯದಲ್ಲಿ ಶೋಕವು ಇಂಥವನದೆಂಬ ಹಂಗನ್ನು ಕಳಚಿಕೊಂಡು ಎಲ್ಲರದೂ ಆಗುತ್ತದೆ, ಆದ್ದರಿಂದಲೇ ಅದನ್ನು ಸವಿಯಬಹುದು ಎಂಬುದು ಅಭಿನವಗುಪ್ತನ ಸಮಾಧಾನ. ಒಪ್ಪತಕ್ಕ ಮಾತೇ. ಆದರೆ ಈ ಸಮಾಧಾನದಲ್ಲಿ ನಮ್ಮಂಥವರಿಗೆ ಒಂದು ನುಸುಳುದಾರಿಯೂ ಇದೆ. ದುಃಖ ಯಾರದೂ ಅಲ್ಲವೆಂದಾದರೆ ಅದರ ಋಣವೂ ಯಾರ ತಲೆಗೂ ಬರುವುದಿಲ್ಲ.

ಅದಿರಲಿ, ಆ ಹಾಡಿನಲ್ಲಿ ನಾವು ಅಳುವುದಾದರೂ ಯಾವುದಕ್ಕೆ? ಸತ್ಯಕ್ಕಾಗಿ ಎಂದು ಶಾಲೆಯಲ್ಲಿ ಕಲಿಸಿದರು. ಪುಣ್ಯಕೋಟಿ ಆಡಿದ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಹೋದಳು, ಆದ್ದರಿಂದ ಮಕ್ಕಳೇ, ನೀವೂ ಸತ್ಯವನ್ನೇ ಹೇಳಬೇಕು — ಇದು ಮೇಷ್ಟರ ಪಾಠ. ಆದರೆ ಪ್ರಾಣಭಯದಲ್ಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲೇಬೇಕೆಂದು ನಮ್ಮ ಹಿರಿಯರೆಲ್ಲ ಒಪ್ಪಿದವರಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನೇ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವೆನೆಂಬ ವ್ರತ ಹಿಡಿದಿದ್ದ ಆ ತಪಸ್ವಿ, ಅಡಗಿದ್ದವರ ಜಾಡನ್ನು ದರೋಡೆಕೋರರಿಗೆ ಇದ್ದದ್ದಿದ್ದಂತೆ ತಿಳಿಸಿ, ಅವರು ಕೊಲೆಯಾಗಲು ಕಾರಣನಾಗಿ ನರಕಕ್ಕೆ ಹೋದ. ಆ ಕೃಷ್ಣನನ್ನು ಪುಣ್ಯಕೋಟಿ ಕೇಳಿದ್ದರೆ, ಕರು ಚಿಕ್ಕದು, ಹುಲಿಗೆ ಕೊಟ್ಟ ಮಾತಿಗೆ ಅಷ್ಟು ಬೆಲೆಯಿಲ್ಲ, ಮನೆಯಲ್ಲೇ ಇರು ಎಂದು ಹೇಳುತ್ತಿದ್ದನೋ ಏನೋ.

ಮುಲುಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗುಜರಾತಿ ತಾಯಿಯೊಬ್ಬರು ಶ್ರಾವಣದ ಬಹುಲಾ ಚತುರ್ಥಿಯಂದು ಹಸುವಿನ ಹಾಲು ಮುಟ್ಟುತ್ತಿರಲಿಲ್ಲ. ಅವರ ಕಥೆಯ ಹಸು ಬಹುಲಾ. ಅದೂ ಕರುವಿಗೆ ಹಾಲೂಡಿಸಿ ಬರುವೆನೆಂದು ಮಾತು ಕೊಟ್ಟು, ಕೊಟ್ಟಂತೆ ಮರಳುತ್ತದೆ. ಆದರೆ ಅಲ್ಲಿ ದಾರಿಗೆ ಅಡ್ಡ ನಿಂತ ಸಿಂಹ ನಿಜವಾದ ಸಿಂಹವಲ್ಲ. ಪರೀಕ್ಷೆಗೆಂದು ಬಂದ ಕೃಷ್ಣ. ಪರೀಕ್ಷೆ ಮುಗಿಯಿತು, ಹಸು ಗೆದ್ದಿತು, ಯಾರೂ ಸಾಯಲಿಲ್ಲ. ನಮ್ಮ ಹಾಡಿನ ಅರ್ಬುತ ದೇವರಲ್ಲ. ಅದು ನಿಜವಾಗಿ ಹಸಿದ ಹುಲಿ, ನಿಜವಾಗಿಯೇ ಸಾಯುತ್ತದೆ. ಕರುವನ್ನು ಬಿಟ್ಟು ಬಂದ ತಾಯನ್ನು ತಿನ್ನಲಾರದೆ, ಅಕ್ಕನೆಂದು ಕರೆದು, ತಾನೇ ಪ್ರಾಣ ಬಿಡುತ್ತದೆ. ಕಾಡಿನ ಪ್ರಾಣಿಗೆ ಹಸಿವಾದದ್ದು ತಪ್ಪಲ್ಲ. ಆದರೂ ಹಾಡಿನಲ್ಲಿ ಸತ್ತದ್ದು ಅದೊಂದೇ. ಇಷ್ಟು ವರ್ಷಗಳಲ್ಲಿ ಹುಲಿಗಾಗಿ ಅತ್ತವರನ್ನು ನಾನು ಒಬ್ಬರನ್ನೂ ನೋಡಿಲ್ಲ. ಒಮ್ಮೆಯಾದರೂ ಯಾರಾದರೂ ಅಳಬೇಕಾಗಿತ್ತು.

ಗಮನಿಸಿ ನೋಡಿ: ಸಭೆಯಲ್ಲಿ ಕರವಸ್ತ್ರಗಳು ಹೊರಬರುವುದು ಸತ್ಯದ ಮಾತು ಬಂದಾಗಲೂ ಅಲ್ಲ, ಹುಲಿ ಸತ್ತಾಗಲೂ ಅಲ್ಲ. ಕೊಟ್ಟಿಗೆಯಲ್ಲಿ ತಾಯಿ ಕರುವಿಗೆ ಕೊನೆಯ ಸಲ ಹಾಲೂಡಿಸುವಾಗ, ಇನ್ನು ನನಗೆ ಯಾರು ಎಂದು ಕರು ಕೇಳುವಾಗ, ಮಂದೆಯ ಉಳಿದ ಹಸುಗಳ ಬಳಿ ಹೋಗಿ ಇದನ್ನು ನಿಮ್ಮದೆಂದು ನೋಡಿಕೊಳ್ಳಿ ಎಂದು ತಾಯಿ ಬೇಡಿಕೊಳ್ಳುವಾಗ. ನಮ್ಮವ್ವ ಮೊಸರು ಕಡೆಯುತ್ತ ಈ ಹಾಡು ಹೇಳುತ್ತಿದ್ದಳು. ಈ ಜಾಗ ಬಂದಾಗ ಕಡೆಗೋಲು ನಿಲ್ಲುತ್ತಿತ್ತು. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅವಳು ಏನು ನೆನೆದು ನಿಲ್ಲಿಸುತ್ತಿದ್ದಳೆಂದು ಆಗ ತಿಳಿಯುವಂತಿರಲಿಲ್ಲ.

ಭೈರಪ್ಪನವರೂ ಹಾಡಿನಿಂದ ಆರಿಸಿಕೊಂಡದ್ದು ಇದೇ ಜಾಗದ ಮಾತನ್ನು. ಸತ್ಯದ ಹೆಸರಿನ ಸಾಲೊಂದು, ಎಲ್ಲರ ಬಾಯಲ್ಲೂ ಇರುವುದು, ಅವರಿಗೆ ಸಿಗುತ್ತಿರಲಿಲ್ಲವೇ? ಅದನ್ನು ಬಿಟ್ಟು, ಹಿಂದೆ ಉಳಿಯುವ ಕರುವಿಗೆ ತಾಯಿ ಹೇಳುವ ಮಾತನ್ನು ರಕ್ಷಾಪುಟಕ್ಕೆ ಹಾಕಿದರು. ಹಾಗೆ ನೋಡಿದರೆ ಹಾಡಿನ ಕರು ಕೊನೆಗೆ ತಬ್ಬಲಿಯಾಗುವುದೇ ಇಲ್ಲ. ಹುಲಿ ಸತ್ತದ್ದರಿಂದ ತಾಯಿ ಮರಳುತ್ತಾಳೆ. ಕಾದಂಬರಿಯಲ್ಲಿ ಆ ದಯೆ ಇಲ್ಲ. ಇಲ್ಲಿ ತಬ್ಬಲಿಯಾದದ್ದು ಯಾರು — ತಾಯಿ ಸತ್ತ ಕರುವೇ, ಓದಿ ಬಂದ ಮಗನೇ, ಬಾಯಿಲ್ಲದ ತಾಯಿಯೇ — ಎಂದು ಕೇಳುತ್ತ ಪುಸ್ತಕ ಮುಚ್ಚಬೇಕಾಗುತ್ತದೆ. ಹಿಂದಿಯವರು ‘ಗೋಧೂಳಿ’ ಎಂದು ಹೆಸರಿಟ್ಟಾಗ ಕರು ಕೈಬಿಟ್ಟುಹೋಯಿತು ಎಂದು ಅಂದು ನನಗೆ ಬೇಸರವಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಗೋಧೂಳಿಯೆಂದರೆ ದನಗಳು ಮನೆಗೆ ಮರಳುವ ಹೊತ್ತು. ಊರು ಬಿಟ್ಟವನ ಎದೆಗೆ ಆ ಹೆಸರೂ ಕಡಿಮೆ ಚುಚ್ಚುವುದಲ್ಲ.

ನಾನು ಊರು ಬಿಟ್ಟದ್ದು 1969ರಲ್ಲಿ. ಅರಸೀಕೆರೆಯಲ್ಲಿ ರೈಲು ಹತ್ತುವಾಗ ಅವ್ವನಿಗೆ, ಎರಡು ವರ್ಷ, ಆಮೇಲೆ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡು ಬಂದುಬಿಡುತ್ತೇನೆ ಎಂದು ಹೇಳಿದ್ದೆ. ಯಾರೂ ಹೆದರಿಸಿ ಹೇಳಿಸಿದ ಮಾತಲ್ಲ. ವರ್ಗದ ಅವಕಾಶ ಎರಡು ಸಲ ಬಂತು. ಮೊದಲನೆಯ ಸಲ ಬಡ್ತಿ ಹತ್ತಿರವಿತ್ತು. ಎರಡನೆಯ ಸಲ ಮಕ್ಕಳ ಶಾಲೆ. ಎರಡು ಸಲವೂ ನಾನೇ ಬೇಡವೆಂದು ಬರೆದುಕೊಟ್ಟೆ. ತಿಂಗಳ ಮನಿಯಾರ್ಡರನ್ನು ಮಾತ್ರ ಒಮ್ಮೆಯೂ ತಪ್ಪಿಸಲಿಲ್ಲ. ಅದನ್ನು ಇಲ್ಲಿ ಹೇಳಿಕೊಳ್ಳುತ್ತಿರುವುದು ಏಕೆಂದು ವಾಚಕರಿಗೆ ಬಿಡಿಸಿ ಹೇಳಬೇಕಿಲ್ಲ.

ವರ್ಷಕ್ಕೊಮ್ಮೆ ಹದಿನೈದು ದಿನದ ರಜೆ. ಮೀರಜಿನಲ್ಲಿ ಗಾಡಿ ಬದಲಿಸಿ, ಮಕ್ಕಳು-ಮರಿ, ಹೋಲ್ಡಾಲು ಸಮೇತ ಊರು ಸೇರುತ್ತಿದ್ದೆವು. ಹೊರಡುವ ದಿನ ನಾನು ಅಕ್ಕಪಕ್ಕದ ಮನೆಗಳಿಗೆ ಹೋಗಿ, ಅವ್ವ ಒಬ್ಬಳೇ ಇರುತ್ತಾಳೆ, ನಿಮ್ಮವಳೆಂದು ನೋಡಿಕೊಳ್ಳಿ ಎಂದು ಹೇಳಿ ಬರುತ್ತಿದ್ದೆ. ಹಾಡಿನಲ್ಲಿ ತಾಯಿ ಕರುವಿಗಾಗಿ ಬೇಡುವ ಮಾತೇ ಇದು ಎಂದು ಎಷ್ಟೋ ವರ್ಷ ನನಗೆ ಹೊಳೆಯಲೇ ಇಲ್ಲ. ಹೊಳೆದ ದಿನ ಲೆಕ್ಕವೆಲ್ಲ ತಲೆಕೆಳಗಾಯಿತು. ರಜೆ ಮುಗಿದ ಮರುದಿನ ಸರಿಯಾಗಿ ಒಂಬತ್ತೂವರೆಗೆ ನಾನು ಹಾಜರಿ ಪುಸ್ತಕದ ಮುಂದೆ ನಿಂತಿರುತ್ತಿದ್ದೆ. ಕೊಟ್ಟ ಮಾತಿಗೆ ನಾನೂ ತಪ್ಪಿದವನಲ್ಲ. ಉಳಿಸಿಕೊಂಡದ್ದು ಮಾತ್ರ ಹುಲಿಗೆ ಕೊಟ್ಟ ಮಾತು. ನಮ್ಮ ಹುಲಿ ಒಳ್ಳೆಯದೇ ಇತ್ತು. ಮೇಲೆ ಬಿದ್ದು ಕೊಲ್ಲಲಿಲ್ಲ, ನಾಚಿ ಪ್ರಾಣವನ್ನೂ ಬಿಡಲಿಲ್ಲ. ಮೂವತ್ತಾರು ವರ್ಷ ಸಾಕಿ, ಕೊನೆಗೆ ಶಾಲು ಹೊದಿಸಿ ಪಿಂಚಣಿ ಕೊಟ್ಟು ಕಳಿಸಿತು. ಅದರ ಅನ್ನ ತಿಂದು ಮಕ್ಕಳು ದೊಡ್ಡವರಾದರು. ಬಯ್ಯುವ ಬಾಯಿ ನನಗಿಲ್ಲ.

ಚಿತ್ರ ನೋಡಿದ ರಾತ್ರಿ ಅವ್ವನಿಗೆ ಇನ್‌ಲ್ಯಾಂಡ್ ಕಾಗದ ಬರೆದೆ. ಹಾಡು ಕೇಳಿ ನಿನ್ನ ನೆನಪಾಯಿತು, ಬಹಳ ಅತ್ತೆ ಎಂದು ತುಂಬ ಚೆನ್ನಾಗಿ ಬರೆದೆನೆಂದು ಅಂದು ಅನ್ನಿಸಿತ್ತು. ಅವ್ವನಿಗೆ ಓದು ಬಾರದು. ಶಾಲೆಯ ಮೇಷ್ಟರು ಓದಿ ಹೇಳಿ, ಅವಳು ಹೇಳಿದ್ದನ್ನು ಬರೆದು ಕಳಿಸಿದರು: ಪಿಚ್ಚರು ನೋಡಿ ಅತ್ತೆಯಂತೆ, ಮೇಷ್ಟರು ಓದಿದರು. ಗೌರಿ ಹಬ್ಬಕ್ಕೆ ಬರುತ್ತೀಯಾ?

ಆ ವರ್ಷ ಗೌರಿ ಹಬ್ಬಕ್ಕೆ ಹೋಗಲಾಗಲಿಲ್ಲ.

ಅಮೆರಿಕದ ವಿಲಿಯಂ ಜೇಮ್ಸ್ ಎಂಬ ತತ್ತ್ವಜ್ಞ 1890ರಲ್ಲಿ ಮನಶ್ಶಾಸ್ತ್ರದ ಮೇಲೊಂದು ದೊಡ್ಡ ಗ್ರಂಥ ಬರೆದ. ನಾಟಕಶಾಲೆಯೊಳಗೆ ಕಲ್ಪಿತ ಪಾತ್ರಗಳಿಗಾಗಿ ಕಣ್ಣೀರಿಡುವ ಶ್ರೀಮಂತ ರಷ್ಯನ್ ಮಹಿಳೆ, ಹೊರಗೆ ಹಿಮದಲ್ಲಿ ಸೆಟೆದು ಸಾಯುತ್ತಿರುವ ಅವಳ ಗಾಡಿಯವನು — ಇದು ಅವನು ಕೊಡುವ ಉದಾಹರಣೆ. ಎಲ್ಲೆಲ್ಲೂ ಇಂಥದು ಸ್ವಲ್ಪ ಮಟ್ಟಿಗೆ ನಡೆದೇ ಇದೆ ಎನ್ನುತ್ತಾನೆ. ಅವನು ಹೇಳುವ ಮದ್ದು ತೀರ ಸಣ್ಣದು: ಸಂಗೀತ ಕೇಳಿ ಮನಸ್ಸು ಕರಗಿದರೆ, ಅದು ಆರುವ ಮೊದಲು ಏನಾದರೂ ಮಾಡು. ದೊಡ್ಡದೇನೂ ಬೇಡ, ಚಿಕ್ಕಮ್ಮನೊಡನೆ ನಾಲ್ಕು ಒಳ್ಳೆಯ ಮಾತಾಡು, ಟ್ರಾಮಿನಲ್ಲಿ ಸೀಟು ಬಿಟ್ಟುಕೊಡು. ಕೇವಲ ಅತ್ತು ಸುಮ್ಮನಾಗುವುದು ಅಭ್ಯಾಸವಾದರೆ, ಮಾಡುವ ಶಕ್ತಿಯೇ ಒಳಗೆ ಇಂಗಿಹೋಗುತ್ತದೆಯಂತೆ. ಓದಿದಾಗ ನಕ್ಕಿದ್ದೆ. ಇಷ್ಟು ದೊಡ್ಡ ಪಂಡಿತ ಕೊಡುವ ಉಪದೇಶ ಇದೇ? ನಮ್ಮ ಮುಂಬಯಿಯ ಲೋಕಲಿನಲ್ಲಿ ಮೂವರು ಕೂರುವ ಕಡೆ ನಾಲ್ಕನೆಯವನಿಗೆ ಜಾಗ ಸರಿಯುವುದನ್ನು ಯಾವ ಹಾಡಿನ ಸಹಾಯವೂ ಇಲ್ಲದೆ ದಿನಾ ಮಾಡುತ್ತೇವಲ್ಲ!

ಅವ್ವ 1986ರ ಕಾರ್ತಿಕದಲ್ಲಿ ತೀರಿಕೊಂಡಳು. ಜೊತೆಗಿದ್ದವಳು ಅವಳ ಕೊನೆಯ ತಂಗಿ, ನಮ್ಮ ಚಿಕ್ಕವ್ವ.

ಹೋದ ತಿಂಗಳು ಒಂಬತ್ತು ವರ್ಷದ ನನ್ನ ಮೊಮ್ಮಗಳು ಸಂಘದ ಕನ್ನಡ ತರಗತಿಯಲ್ಲಿ ಈ ಹಾಡು ಕಲಿತು ಬಂದಳು. ಅವಳ ಕನ್ನಡಕ್ಕೆ ಮರಾಠಿಯ ಗಾಳಿ ಸೋಕಿದೆ. ‘ಳ’ಕಾರ ಮಾತ್ರ ನಮಗಿಂತ ಶುದ್ಧ. ಹಾಡುತ್ತ ಹಾಡುತ್ತ ನಡುವೆ ನಿಲ್ಲಿಸಿ, “ತಾತ, ತಬ್ಬಲಿ ಅಂದ್ರೆ?” ಎಂದಳು. ಮರಾಠಿಯ ‘ಪೋರಕಾ’ ಎಂದೆ. ಅರ್ಥವಾಯಿತೆಂದು ತಲೆಯಾಡಿಸಿ, ಸ್ವಲ್ಪ ಯೋಚಿಸಿ, “ಅಮ್ಮ ಆಗೋದಿಲ್ವಾ ಪೋರಕಾ? ಮಗುನೇ ಆಗಬೇಕಾ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಮುಂದಿನದನ್ನು ಹಾಡಿ, ಹುಲಿಯನ್ನು ಸಾಯಿಸಿ, ಆಟಕ್ಕೆ ಓಡಿದಳು.

ನನ್ನ ಕಣ್ಣು ಎಂದಿನಂತೆ ತುಂಬಿತ್ತು. ದೋಸೆಯ ನೆನಪಾಯಿತು, ಜೇಮ್ಸನ ನೆನಪೂ ಆಯಿತು. ಎದ್ದು ಊರಿಗೆ ಫೋನು ಮಾಡಿದೆ. ಚಿಕ್ಕವ್ವನಿಗೆ ಈಗ ಎಂಬತ್ತೇಳು. ಅವಳ ಮೊಮ್ಮಗ ಫೋನನ್ನು ಅವಳ ಕಿವಿಗೆ ಹಿಡಿದ. ನನ್ನ ದನಿ ಗುರುತು ಸಿಕ್ಕಿತು. ಸಿಕ್ಕ ಕೂಡಲೇ ಗಾಬರಿಯಾದಳು.

“ಯಾಕೊ ಮಗ, ಯಾರು ಹೋದ್ರೊ?”

ಯಾರೂ ಹೋಗಿಲ್ಲ ಚಿಕ್ಕವ್ವ, ಸುಮ್ಮನೆ ಮಾಡಿದೆ ಎಂದೆ. ನಂಬಲಿಲ್ಲ. ಇನ್ನೊಮ್ಮೆ ಕೇಳಿದಳು. ಮನೆಯವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ, ಎಲ್ಲರೂ ಚೆನ್ನಾಗಿದ್ದಾರೆಂದು ಖಾತ್ರಿಯಾದ ಮೇಲೆ, ಬೆಳಿಗ್ಗೆ ಏನು ತಿಂಡಿ ಎಂದು ವಿಚಾರಿಸಿದಳು.