ಕೋಟೆಯಾಚೆಯ ಓದುಗ

ಹೈಸ್ಕೂಲಿನ ಒಂದು ಬೇಸಿಗೆ ರಜೆಯಲ್ಲಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿ ಮುಗಿಸಿ ನಾನು ಅತ್ತಿದ್ದೆ. ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜ, “ಯಾಕಲೇ ತಮ್ಮಾ, ಏನಾತು?” ಅಂದ. “ದುರ್ಗ ಬಿತ್ತು ಅಜ್ಜಾ” ಅಂದೆ. ಅಜ್ಜ ನಕ್ಕುಬಿಟ್ಟ. “ಬಿದ್ರ ಬೀಳ್ಲಿ. ನಾವು ಹರಪನಹಳ್ಳಿ ಸಂಸ್ಥಾನದೋರು. ನಮಗೂ ಅವರಿಗೂ ಯಾವಾಗ ಕೂಡಿಬಂದಿತ್ತು?”

ಆ ಮಾತು ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಮೈಸೂರು ಗೆಜೆಟಿಯರ್ ತಿರುವುತ್ತಿದ್ದಾಗ ಮಾಯಕೊಂಡದ ಯುದ್ಧ ಕಣ್ಣಿಗೆ ಬಿತ್ತು. 1748. ಚಿತ್ರದುರ್ಗದ ಪರವಾಗಿ ಚಂದಾ ಸಾಹೇಬ. ಎದುರಿಗೆ ಬಿದನೂರು, ರಾಯದುರ್ಗ, ಸವಣೂರು ಮತ್ತು ಹರಪನಹಳ್ಳಿ. ದುರ್ಗದ ಸೇನೆ ಸೋತಿತು. ಆನೆಯ ಮೇಲಿದ್ದ ಮದಕರಿನಾಯಕನನ್ನು ಸುತ್ತುವರಿದು ಕೊಂದವನು ಹರಪನಹಳ್ಳಿಯ ಸೋಮಶೇಖರನಾಯಕ. ‘ದುರ್ಗಾಸ್ತಮಾನ’ದ ನಾಯಕ ಈ ಮದಕರಿಯಲ್ಲ, ಅದೇ ಹೆಸರಿನ ಇನ್ನೊಬ್ಬ; 1779ರಲ್ಲಿ ಹೈದರಾಲಿಗೆ ಸೋತು ಸೆರೆಯಾದವನು. ಆದರೂ ನನಗೆ ಕಸಿವಿಸಿಯಾಯಿತು. ನಾನು ಯಾರ ಪರವಾಗಿ ಅತ್ತಿದ್ದೆನೋ ಆ ಮನೆತನದ ದೊರೆಯನ್ನು ಕೊಂದವರು ನಮ್ಮವರು!

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಐತಿಹಾಸಿಕ ಕಾದಂಬರಿಕಾರ ಒಂದು ಪಕ್ಷ ವಹಿಸಬಹುದೇ? ವಹಿಸಿದರೆ, ಇನ್ನೊಂದು ಪಕ್ಷದಲ್ಲಿ ಸತ್ತವರಿಗೆ ಅವನಿಂದ ಏನಾದರೂ ಸಲ್ಲಬೇಕೇ?

ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಪೂರ್ವಿಕರ ಊರು ತಳುಕು. ಸ್ವಾತಂತ್ರ್ಯ ಚಳವಳಿ, ಪತ್ರಿಕೆ, ಅನಕೃ ಅವರ ಜೊತೆ ಪ್ರಗತಿಶೀಲರ ಗುಂಪು ಎಲ್ಲವನ್ನೂ ಹಾಯ್ದು ಬಂದ ಮನುಷ್ಯ. ಸಾಮಾಜಿಕ ಕಾದಂಬರಿಗಳನ್ನೂ ಬರೆದರು, ಸಿನಿಮಾಗಳಿಂದ ಮನೆಮಾತಾದರು. ಆದರೆ ಜೀವ ಇಟ್ಟಿದ್ದು ದುರ್ಗದ ಮೇಲೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ ಎಂಟು ಕಾದಂಬರಿ. 1984ರಲ್ಲಿ ತೀರಿಕೊಂಡರು, ಮರುವರ್ಷ ಆ ಕೊನೆಯ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟು ವರ್ಷ ಒಂದೇ ಕಲ್ಲುಕೋಟೆಯನ್ನು ಪ್ರೀತಿಸಿದವನನ್ನು ‘ನೀನು ತಟಸ್ಥನಾಗಿರಬೇಕಿತ್ತು’ ಎಂದು ಕೇಳುವುದು ಹಾಸ್ಯಾಸ್ಪದ. ತಟಸ್ಥರು ಗೆಜೆಟಿಯರ್ ಬರೆಯುತ್ತಾರೆ. ಅದನ್ನು ಓದಿ ಯಾರೂ ಅಳುವುದಿಲ್ಲ.

ಅವರು ದುರ್ಗವನ್ನು ಕುರುಡಾಗಿಯೂ ಹೊಗಳಲಿಲ್ಲ. ಆ ಮೊದಲ ಮೂರು ಕಾದಂಬರಿಗಳ ವಸ್ತುವೇ ಕೋಟೆಯೊಳಗಿನ ಕೊಲೆ, ದ್ರೋಹ. ದಳವಾಯಿ ಮುದ್ದಣ್ಣನ ಅಧಿಕಾರದ ಹಸಿವು ಅರಮನೆಯನ್ನು ಹೇಗೆ ತಿಂದಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನನ್ನ ತಕರಾರು ಇರುವುದು ಇಲ್ಲಿ: ಕೋಟೆಯೊಳಗಿನ ಕೆಟ್ಟವನಿಗೂ ಒಂದು ಮನಸ್ಸಿದೆ, ಆಸೆಯಿದೆ, ಅಂಜಿಕೆಯಿದೆ. ಕೋಟೆಯಾಚೆಯವನು ಬಹುಮಟ್ಟಿಗೆ ದಂಡಾಗಿಯೇ ಬರುತ್ತಾನೆ, ದಂಡಾಗಿಯೇ ಹೋಗುತ್ತಾನೆ. ಮಾಯಕೊಂಡಕ್ಕೆ ಹೋದ ಹರಪನಹಳ್ಳಿಯ ಕಾಲಾಳುಗಳ ಮನೆಯಲ್ಲೂ ಕಾಯುವವರು ಇದ್ದಿರಬೇಕಲ್ಲ?

ಇದು ಸುಳ್ಳಲ್ಲ, ಮೌನ. ಸುಳ್ಳಿಗೂ ಮೌನಕ್ಕೂ ವ್ಯತ್ಯಾಸವಿದೆ ಎಂದು ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಹೆಚ್ಚಿನವರು ಪಾಳೆಯಗಾರರ ಇತಿಹಾಸವನ್ನು ಓದುವುದು ಕಾದಂಬರಿಯಲ್ಲಿ, ನೋಡುವುದು ಸಿನಿಮಾದಲ್ಲಿ. ಬೇರೆ ಸಾಕ್ಷಿಯೇ ಇಲ್ಲದ ಕಡೆ ಒಬ್ಬನೇ ಸಾಕ್ಷಿಯ ಮೌನ ತೀರ್ಪಾಗಿಬಿಡುತ್ತದೆ. ದುರ್ಗಕ್ಕೆ ತ.ರಾ.ಸು. ಸಿಕ್ಕರು. ಹರಪನಹಳ್ಳಿಗೆ, ಕೂಡ್ಲಿಗಿ ಕಡೆಯ ಗುಡೇಕೋಟೆ, ಜರಿಮಲೆಗಳಿಗೆ ಅಂಥವರು ಸಿಗಲಿಲ್ಲ. (ಯಾವ ಜಿಲ್ಲೆಯವರು ಎಂದು ಹೇಳಿಕೊಳ್ಳುವುದೇ ನಮಗೆ ಕಷ್ಟವಾಗಿತ್ತು, ಬಿಡಿ. ಬಳ್ಳಾರಿಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು.)

ಹಾಗೆಂದು ನಮ್ಮ ಸೀಮೆಯಲ್ಲಿ ಬರೆಯುವವರೇ ಇರಲಿಲ್ಲ ಎಂದಲ್ಲ. ಕೊಟ್ಟೂರಿನಲ್ಲಿ 1953ರಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡು ಬರೆದರು. 2007ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಅರಮನೆ’ ಇದೇ ನೆಲದ ಚರಿತ್ರೆಯನ್ನು ಎತ್ತಿಕೊಂಡಿತು. ಆದರೆ ಹಿಡಿದ ದಾರಿಯೇ ಬೇರೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಬೆನ್ನು ಮುರಿದ. ಆ ಕಾಲವನ್ನು ಕುಂವೀ ದೊರೆಯ ಬಾಯಿಂದ ಹೇಳಿಸಲಿಲ್ಲ. ಊರಿಗೆ ಊರೇ ಮಾತಾಡುತ್ತದೆ, ಬೈಯುತ್ತದೆ, ನಗುತ್ತದೆ. ಅಲ್ಲಿ ಮನ್ರೋ ಕಡತದ ಸಾಹೇಬನಲ್ಲ, ಜನ ಕಟ್ಟಿಕೊಂಡ ಮನ್ರೋ.

ಬಹಳ ದಿನ ನಾನು ಇದನ್ನೇ ಉತ್ತರವೆಂದು ನಂಬಿದ್ದೆ. ಕೋಟೆಯ ಪರ ಬೇಡ, ಜನರ ಪರ ನಿಂತರಾಯಿತು ಎಂದು. ಈಗ ಅಷ್ಟು ಧೈರ್ಯವಿಲ್ಲ. ನಗುವುದೂ ಒಂದು ಪಕ್ಷವೇ. ಒಳಗೆ ಕುಸಿಯುತ್ತಿದ್ದವರ ನೋವು ಹೊರಗಿನವರ ನಗೆಯಲ್ಲಿ ಪೂರ್ತಿ ಕೇಳಿಸುವುದಿಲ್ಲ. ನಿಲ್ಲಲು ಎಲ್ಲಿಯೋ ಒಂದು ಕಡೆ ಜಾಗ ಬೇಕು, ನಿಂತ ಕೂಡಲೇ ಒಂದು ಮಗ್ಗುಲು ಮರೆಯಾಗುತ್ತದೆ. ಮರೆಯಾದದ್ದು ಅಲ್ಲಿ ಇದೆ ಎಂಬ ಅರಿವನ್ನು ಬರೆಯುವವನು ಒಂದು ವಾಕ್ಯದಲ್ಲಾದರೂ ಬಿಟ್ಟುಹೋಗಬೇಕು. ಸತ್ತವರಿಗೆ ಅಷ್ಟಾದರೂ ಸಲ್ಲಬೇಕು. ಇದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ ಅನ್ನಿಸುತ್ತದೆ, ಕಡಿಮೆ ಕೇಳಲು ಮನಸ್ಸೂ ಒಪ್ಪುವುದಿಲ್ಲ.

ಅಜ್ಜ ಈಗಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಊರಿಗೆ ಹೋಗುವಾಗ ದಾವಣಗೆರೆಗೆ ಮುಂಚೆ ಮಾಯಕೊಂಡ ಸ್ಟೇಷನ್ನಿನ ಹಳದಿ ಬೋರ್ಡು ಕಾಣುತ್ತದೆ. ಪ್ರತಿ ಸಲ ಕಿಟಕಿಗೆ ಮುಖ ಒತ್ತಿ ಆಚೆಯ ಬಯಲನ್ನು ನೋಡುತ್ತೇನೆ. ಇಷ್ಟೆಲ್ಲ ಯೋಚಿಸಿದ ಮೇಲೂ ನನ್ನ ಕಣ್ಣು ಅಲ್ಲಿ ಹುಡುಕುವುದು ನಮ್ಮ ಹರಪನಹಳ್ಳಿಯ ನಾಯಕನನ್ನಲ್ಲ, ಆನೆಯ ಮೇಲಿದ್ದವನನ್ನೇ.