ಹಿರಿಯರ ಶೌರ್ಯವು ಯಾರ ಸೊತ್ತು?

ದಂಡಿನಶಿವರವೆಂಬ ಹೆಸರಿನಲ್ಲಿಯೇ ದಂಡೆಂಬ ಮಾತುಂಟು. ದಂಡಿನಲ್ಲಿ ಸೇವೆಮಾಡಿದ ಹಿರಿಯರನ್ನು ವಂಶದವರು ಕೂಡಿ ಗೌರವಿಸುವದು ಸರಿಯೋ ಎಂಬದನ್ನು ನಾವು ವಿಚಾರಿಸುವದು ಯುಕ್ತವಾಗಿದೆ.

ಇದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವುಂಟು. ಎಲೀಯನು ಪ್ರಾರ್ಥಿಸಿದ ಕರ್ಮೆಲ್ ಬೆಟ್ಟವನ್ನು ನಾವೆಲ್ಲರೂ ಬಲ್ಲೆವು. 1918ನೆಯ ಇಸವಿ ಸೆಪ್ಟೆಂಬರ್ 23ನೆಯ ತಾರೀಖಿನಲ್ಲಿ ಮೈಸೂರು ಲ್ಯಾನ್ಸರ್ ದಳದ ಸವಾರರು ಆ ಬೆಟ್ಟವನ್ನು ಹತ್ತಿ ಶತ್ರುಗಳ ಫಿರಂಗಿಗಳನ್ನು ಹಿಡಿದರು. ಜೋಧಪುರದ ಸವಾರರು ಕೆಳಗಣ ಹೈಫಾ ಪಟ್ಟಣಕ್ಕೆ ನುಗ್ಗಿದರು. ಮಡಿದ ಮೈಸೂರಿನವರ ಜ್ಞಾಪಕಾರ್ಥವಾಗಿ ಬೆಂಗಳೂರಿನಲ್ಲಿ ಒಂದು ಸ್ತಂಭವಿದೆ. ಆ ದಳದವರ ಸಂತತಿಯವರು ಸಂಘವಾಗಿ ಕೂಡಿ ಅವರನ್ನು ಸ್ಮರಿಸುತ್ತಾರೆ.

ಸತ್ತವರಿಗೆ ಎಡೆಯಿಡುವದನ್ನು ಬಿಟ್ಟ ನಾವು ಅವರನ್ನು ಮರೆಯಬೇಕೆಂದಿಲ್ಲ. ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯು ಅವರ ಮರಣದಿಂದ ತೀರುವದಿಲ್ಲ. ಆದರೆ ಬೆಟ್ಟವನ್ನು ಹತ್ತಿದವನು ತಾತನು, ಮೊಮ್ಮಗನಲ್ಲ. ತಾತನು ನೆಟ್ಟ ತೆಂಗಿನ ಕಾಯಿಗಳು ಮೊಮ್ಮಗನಿಗೆ ಸಲ್ಲುವವು. ನೆಟ್ಟವನೆಂಬ ಹೊಗಳಿಕೆಯು ಸಲ್ಲದು. ತೋಟಕ್ಕೆ ನೀರು ಕಟ್ಟದೆ ತಾತನ ಹೆಸರನ್ನು ಹೇಳಿದರೆ ಮರವು ಉಳಿದೀತೇ? ದಂಡಿನ ಹಿರಿಯನಿಲ್ಲದ ಮನೆಯನ್ನು ಕೀಳೆಂದು ಎಣಿಸುವವನು ತನ್ನ ಹಿರಿಯನನ್ನಲ್ಲ, ತನ್ನನ್ನೇ ಗೌರವಿಸಿಕೊಳ್ಳುತ್ತಾನೆ.

ಆದದರಿಂದ ಹಿರಿಯರ ಶೌರ್ಯವನ್ನು ಸೊತ್ತೆಂದಲ್ಲ, ಸಾಲವೆಂದು ಎಣಿಸೋಣ. ನೆರೆಯವನಿಗೋಸ್ಕರ ಕಷ್ಟಪಡುವದರಿಂದಲೇ ಅದು ತೀರುವದು.